ಕಿರಾಣಾ ಗಾಯನದ ಕನ್ನಡನಾಡಿನ ಪ್ರವೇಶ

ಮಿರಜಿನಿಂದ ಲೋಂಡಾಕ್ಕೆ ಹೋಗುವ ರೈಲುಮಾರ್ಗದಲ್ಲಿ ಶೇಡಬಾಳವು ಕನ್ನಡಸೀಮೆಯ ಹೊಸ್ತಿಲಂತಿದೆ. ಅಲ್ಲಿಂದ ಕುಡಚಿ, ರಾಯಬಾಗ, ಬೆಳಗಾವಿಗಳನ್ನು ದಾಟಿ ಲೋಂಡಾ ಸೇರಿದರೆ ಮುಂದೆ ಧಾರವಾಡ. ಹಿಂದುಸ್ತಾನಿ ಸಂಗೀತವು ಉತ್ತರ ಕರ್ನಾಟಕದಲ್ಲಿ ನೆಲೆಗೊಂಡ ಬಗೆಯನ್ನು ವಿಚಾರಿಸುವವರು ಈ ದಾರಿಯನ್ನು ಮರೆಯಲಾಗದು.

೧೮೭೨ರಲ್ಲಿ ಉತ್ತರದ ಕೈರಾಣಾದಲ್ಲಿ ಜನಿಸಿದ ಅಬ್ದುಲ್ ಕರೀಮ್ ಖಾನರು ಬಡೋದೆಯ ಆಸ್ಥಾನದಲ್ಲಿದ್ದು, ಕಡೆಗೆ ಮಿರಜಿನಲ್ಲಿ ನೆಲೆಸಿದರು. ಮೈಸೂರು ಆಸ್ಥಾನವು ಅವರನ್ನು ಆಗಾಗ ಬರಮಾಡಿಕೊಂಡು 'ಸಂಗೀತರತ್ನ'ವೆಂಬ ಬಿರುದನ್ನಿತ್ತಿತು. ಮೈಸೂರಿಗೆ ಹೋಗುವಾಗ ಅವರು ಧಾರವಾಡದಲ್ಲಿ ತಮ್ಮ ಸಹೋದರನಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು, ಎಂದರೆ ಮುಂದೆ ಸವಾಯಿ ಗಂಧರ್ವರೆಂದು ಪ್ರಖ್ಯಾತರಾದವರು, ಅವರಿಂದ ಪಾಠ ಪಡೆದುದು ಈ ತಂಗುದಾಣದಲ್ಲಿಯೇ. ಕೊಡುವುದರೊಂದಿಗೆ ಖಾನರು ಕೊಂಡುದೂ ಉಂಟು. ಕರ್ನಾಟಕ ಪದ್ಧತಿಯ ಸ್ವರಪ್ರಸ್ತಾರವನ್ನು ಅವರು ತಮ್ಮ ಗಾಯನದಲ್ಲಿ ಅಳವಡಿಸಿಕೊಂಡರು.

ಇದೇ ಕಾಲದಲ್ಲಿ ಅಮೆರಿಕದ ಜಾಝ್ ವಾದಕರು ಯುರೋಪಿಗೆ ಹೋದುದನ್ನು ಇದರೊಡನೆ ಹೋಲಿಸಿ ನೋಡಬಹುದು. ೧೯೧೯ರಲ್ಲಿ ಸಿಡ್ನಿ ಬೆಶೆ ಲಂಡನಿನಲ್ಲಿ ನುಡಿಸಿದಾಗ ಅವರ ಕ್ಲಾರಿನೆಟ್ ವಾದನವನ್ನು ಸ್ವಿಟ್ಜರ್ಲೆಂಡಿನ ವಾದ್ಯವೃಂದನಾಯಕ ಅರ್ನೆಸ್ಟ್ ಅನ್ಸರ್ಮೆ ಮುಕ್ತಕಂಠದಿಂದ ಹೊಗಳಿ ಬರೆದನು. ೧೯೩೪ರಲ್ಲಿ ಅಲ್ಲಿಗೆ ಹೋದ ಕೋಲ್ಮನ್ ಹಾಕಿನ್ಸ್ ೧೯೩೯ರವರೆಗೂ ಉಳಿದು, ೧೯೩೭ರಲ್ಲಿ ಪ್ಯಾರಿಸಿನಲ್ಲಿ ಜ್ಯಾಂಗೋ ರೈನ್ಹಾರ್ಟನೊಡನೆ ಧ್ವನಿಮುದ್ರಿಕೆ ಮಾಡಿದನು. ಜ್ಯಾಂಗೋ ಈ ಕಲೆಗೆ ಒಲಿದುದಾದರೋ ಲೂಯಿ ಆರ್ಮ್‌ಸ್ಟ್ರಾಂಗನ ಮುದ್ರಿಕೆಗಳನ್ನು ಕೇಳಿ. ಅಲ್ಲಿ ಗಾನದ ತಟ್ಟೆ ಮುಂದೆ ಹೋಗಿತ್ತು, ಗಾನಕಾರನು ಹಿಂದೆ ಬಂದನು.

ಕನ್ನಡನಾಡಿನಲ್ಲಿ ಮೊದಲು ಬಂದವನು ಗುರು. ಇದು ಸಣ್ಣ ಭೇದವಲ್ಲ. ಗ್ರಾಮಫೋನಿನ ತಟ್ಟೆಯ ಒಂದು ಮುಖಕ್ಕೆ ಮೂರು ಮಿನಿಟಿನಷ್ಟೇ ಅವಕಾಶ. ಜಾಝಿನ ತುಂಡು ಅದರಲ್ಲಿ ಹೇಗೋ ಅಡಗೀತು. ಒಂದೊಂದೇ ಸ್ವರವನ್ನು ಹಿಡಿದು ಮೆಲ್ಲಮೆಲ್ಲನೆ ಬೆಳೆಯುವ ಕಿರಾಣಾ ಆಲಾಪವು ಅಡಗುವುದೆಂತು? ಖಾನರ ಮುದ್ರಿಕೆಗಳು ಮಧುರವಾಗಿವೆ, ನಿಜ. ಆದರೆ ಅವು ಗಾಯಕಿಯ ರುಚಿಯನ್ನು ತೋರಿಸುತ್ತವೆಯೇ ಹೊರತು ಅದರ ವಿಸ್ತಾರವನ್ನಲ್ಲ. ಮುದ್ರಿಕೆಗಳಿಂದಲೇ ಈ ಗಾಯಕಿ ಹರಡಿತೆಂಬ ಮಾತು ಆದುದರಿಂದ ಒಪ್ಪತಕ್ಕುದಲ್ಲ. ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಖಾನರ ಮುದ್ರಿಕೆಯನ್ನು ಕೇಳಿ ಮನೆಬಿಟ್ಟು ಹೊರಟುದು ಪ್ರಸಿದ್ಧವಷ್ಟೆ. ತಟ್ಟೆ ಅವರಲ್ಲಿ ಹಂಬಲವನ್ನು ಹುಟ್ಟಿಸಿತು; ವಿದ್ಯೆಗಾಗಿ ಅವರು ಊರೂರು ಅಲೆದು, ಕಡೆಗೆ ಸವಾಯಿ ಗಂಧರ್ವರ ಬಳಿಗೇ ಬರಬೇಕಾಯಿತು.

೧೯೩೭ರಲ್ಲಿ ಪುದುಚೇರಿಗೆ ಹೊರಟ ಖಾನರು ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೈಲುನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಮಿರಜಿನ ದರ್ಗಾದಲ್ಲಿದೆ. ಅವರ ವಿದ್ಯೆಯನ್ನು ಅರಸಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು.