ಎರೆ ಹೊಲಕ್ಕೆ ಬಂದ ಕಬ್ಬಿಣದ ನೇಗಿಲು

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರೆಭೂಮಿಯಲ್ಲಿ ರೈತನ ಹಳೆಯ ವೈರಿ ಎಂದರೆ ಕರಿಕೆ. ಅದರ ಬೇರು ಆಳಕ್ಕಿಳಿದರೆ ಮರದ ರಂಟೆಗೆ ಜಗ್ಗದು. ಅದಕ್ಕೆ ಕಬ್ಬಿಣದ ನೇಗಿಲೇ ಬೇಕು. ಅಂಥ ನೇಗಿಲನ್ನು ದೇಶದಲ್ಲೇ ತಯಾರಿಸಲು ಹೊರಟವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಪ್ರಮುಖರು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ತಾಂತ್ರಿಕ ಶಿಕ್ಷಕರಾಗಿದ್ದರು. ಆ ನೌಕರಿ ಬಿಟ್ಟು ಅಣ್ಣನೊಂದಿಗೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಮೊದಲು ಮೇವು ಕತ್ತರಿಸುವ ಕೈಯಂತ್ರ, ನಂತರ 1903ರಲ್ಲಿ ಕಬ್ಬಿಣದ ನೇಗಿಲು ತಯಾರಾಯಿತು.

ಆದರೆ ಕೊಳ್ಳುವವರೇ ಇರಲಿಲ್ಲ! ಕಬ್ಬಿಣ ತಾಗಿದರೆ ಭೂತಾಯಿಗೆ ವಿಷವೇರುತ್ತದೆ ಎಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ರಂಟೆ ಮುರಿದರೆ ಊರ ಬಡಿಗ, ಕಮ್ಮಾರರು ಸರಿಪಡಿಸುತ್ತಿದ್ದರು. ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಸಾಕಿತ್ತು. ಕಾರ್ಖಾನೆಯ ನೇಗಿಲು ಮುರಿದರೆ ಬಿಡಿಭಾಗಕ್ಕೆ ರೊಕ್ಕ ಎಣಿಸಬೇಕು. ಮಳೆ ನಂಬಿ ಬದುಕುವ ರೈತನಿಗೆ ಅದು ಸಣ್ಣ ಮಾತಲ್ಲ.

ಅಷ್ಟರಲ್ಲಿ ಊರಿನ ವಿಸ್ತರಣೆಗಾಗಿ ಬೆಳಗಾವಿಯ ಕಾರ್ಖಾನೆ ಜಾಗ ಬಿಡಬೇಕಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ರಾಜರು. ಅವರು ಕೊಟ್ಟ ಕುಂಡಲ್ ರೋಡ್ ನಿಲ್ದಾಣದ ಬಳಿಯ ಪಾಳು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಮುಂದೆ ಪಂಪು ತಯಾರಿಕೆಗೂ ಕೈಹಾಕಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಇಂದು ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತದೆ. ಆಳ ಉಳುಮೆಗೆ ಈಗ ಯಾರೂ ಅಂಜುವುದಿಲ್ಲ. ಆದರೆ ಉಪಕರಣ ಕೆಟ್ಟರೆ ರಿಪೇರಿಗೆ ರೊಕ್ಕ ಎಲ್ಲಿಂದ ಎಂಬ ಅಂದಿನ ರೈತನ ಚಿಂತೆ ಮಾತ್ರ ಹಳೆಯದಾಗಿಲ್ಲ.