ದಂಗೆ

ದಂಗೆ (ನಾಮಪದ): ಆಳುವವರ ವಿರುದ್ಧ ಜನ ಅಥವಾ ಸೈನಿಕರು ಗುಂಪಾಗಿ ತಿರುಗಿಬೀಳುವುದು, ಬಂಡಾಯ. ಇದರ ಸಹಜ ಕ್ರಿಯಾಪದ ‘ಏಳು’: ರೈತರು ದಂಗೆ ಎದ್ದರು. ಗಲಭೆಯಾದರೋ ‘ಆಗುತ್ತದೆ’, ಗಲಾಟೆಯನ್ನು ‘ಮಾಡುತ್ತಾರೆ’. ಈ ವ್ಯತ್ಯಾಸ ಸಣ್ಣದಲ್ಲ. ದಂಗೆಗೆ ಎದುರಾಳಿಯಾಗಿ ಒಂದು ಅಧಿಕಾರ ಇರಲೇಬೇಕು. ಎರಡು ಗುಂಪುಗಳು ಹೊಡೆದಾಡಿಕೊಂಡರೆ ಅದು ಗಲಭೆ. ಕಾನೂನಿನ ಭಾಷೆಯಲ್ಲಿ ದೊಂಬಿ. ಹಿಂದಿಯ ‘ದಂಗಾ’ ಕೋಮುಗಲಭೆಗೂ ಸಲ್ಲುವುದರಿಂದ ಅನುವಾದದ ಸುದ್ದಿಗಳಲ್ಲಿ ದಂಗೆ, ಗಲಭೆಗಳೆರಡೂ ಬೆರೆತುಹೋಗುತ್ತವೆ. ಇದನ್ನು ತಪ್ಪಿಸಲೇಬೇಕು.

ಕನ್ನಡನಾಡಿನ ಇತಿಹಾಸದಲ್ಲಿ ಈ ಪದಕ್ಕೆ ತೂಕ ತಂದದ್ದು 1830–31ರ ನಗರ ದಂಗೆ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಂದಾಯದ ಹೊರೆ, ಅಮಲ್ದಾರರ ಕಿರುಕುಳ ತಾಳಲಾರದೆ ನಗರ ಸೀಮೆಯ ರೈತರು ‘ಕೂಟ’ ಸೇರಿ ಕಂದಾಯ ಕಟ್ಟಲು ನಿರಾಕರಿಸಿದರು. ಬೂದಿ ಬಸವಪ್ಪ ತಾನು ಕೆಳದಿ ಮನೆತನದ ವಾರಸುದಾರನೆಂದು ಹೇಳಿಕೊಂಡು ಮುಂದಾಳಾದ. ಇದನ್ನೇ ಕಾರಣವಾಗಿಸಿ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡರು. ಅದು ಅರಸರಿಗೆ ಮರಳಿದ್ದು 1881ರಲ್ಲಿ. 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲೊಪ್ಪದ ಹಲಗಲಿಯ ಬೇಡರ ದಂಗೆ ಲಾವಣಿಯಾಗಿ ಉಳಿದಿದೆ.

ಅದೇ 1857ರ ಬಂಡಾಯಕ್ಕೆ ‘ಸಿಪಾಯಿ ದಂಗೆ’ ಎಂಬುದು ಆಳುವವರು ಕೊಟ್ಟ ಹೆಸರು. ಅದನ್ನು ಸ್ವಾತಂತ್ರ್ಯ ಸಂಗ್ರಾಮ ಎನ್ನುವುದು ನ್ಯಾಯ. ದಂಗೆ ಎದ್ದವನು ದಂಗೆಕೋರ. ಬೆರಗಾಗುವುದನ್ನು ಹೇಳುವ ‘ದಂಗಾಗು’, ‘ದಂಗುಬಡಿ’ಗಳ ಅರ್ಥವೇ ಬೇರೆ.