ಆಫೀಸಿನ ಕಾಫಿಗೆ ಯಾವ ಹಾಲು?

ಅಂಧೇರಿಯ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಯಂತ್ರವಿದೆ. ಅದರೊಳಗೆ ಹಾಲಿನ ಪುಡಿ. ಪಕ್ಕದ ಫ್ರಿಜ್ಜಿನಲ್ಲಿ ಹೆಸರು ಬರೆದಿಟ್ಟ ಒಂದು ಸೋಯಾ ಹಾಲಿನ ಡಬ್ಬವಿದೆ. ಆ ಹೆಸರು ನನ್ನದು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ನನಗೆ ಜೀರ್ಣವಾಗುವುದಿಲ್ಲವೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಪುಡಿಯಲ್ಲೂ ಅದೇ ಸಕ್ಕರೆ ಇರುವುದರಿಂದ ಯಂತ್ರದ ಕಾಫಿಯೂ ನನ್ನ ಪಾಲಿಗೆ ಇಲ್ಲವಾಯಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, “ಹಾಲು ಹಾಕದ ಕಾಫಿ ಎಂಥದ್ದು ಮಾರಾಯಾ!” ಎಂದು ನೊಂದುಕೊಂಡರು. ಪ್ಯಾಂಟ್ರಿಗೆ ಒಂದು ಸೋಯಾ ಡಬ್ಬ ತರಿಸಿಕೊಡಿ ಎಂದು ಅಡ್ಮಿನ್ ವಿಭಾಗವನ್ನು ಕೇಳಿದ್ದಕ್ಕೆ, “ಅದೆಲ್ಲ ಫ್ಯಾಷನ್, ಬೇಕಾದವರು ಕೊಂಡುಕೊಳ್ಳಲಿ” ಎಂಬ ಉತ್ತರ ಬಂತು.

ಫ್ಯಾಷನ್ ಎಂಬ ಆ ಮಾತು ನನಗೆ ಚುಚ್ಚಿತು. ಹಾಲಿಗೆ ಬದಲಿ ಹುಡುಕುವುದು ನಿಜಕ್ಕೂ ನಿನ್ನೆ ಮೊನ್ನೆಯ ಶೋಕಿಯೇ? ಹಳೆಯದನ್ನು ಕೆದಕುತ್ತ ಹೋದೆ.

ಮೊದಲು ಕೇಳಿದ್ದು ದೊಡ್ಡಪ್ಪನನ್ನು. ಅರವತ್ತರ ದಶಕದಲ್ಲಿ ಮುಂಬಯಿಗೆ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಬೆಳಗಾಗುವ ಮುಂಚೆ ಕಾರ್ಡು ಹಿಡಿದು ಆರೇ ಹಾಲಿನ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದುದನ್ನು ಅವರು ಇಂದಿಗೂ ಹೇಳುತ್ತಾರೆ. ಕಾರ್ಡಿನಲ್ಲಿ ಬರೆದಷ್ಟೇ ಹಾಲು. ಅದು ಬಹುಮಟ್ಟಿಗೆ ‘ಟೋನ್ಡ್’ ಹಾಲು. ಈ ಟೋನ್ಡ್ ಹಾಲು ಹುಟ್ಟಿದ್ದೇ ಮುಂಬಯಿಯಲ್ಲಿ, 1946ರಲ್ಲಿ. ಅದರ ಹಿಂದಿದ್ದವರು ದಾರಾ ಖುರೋಡಿ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಅದಕ್ಕೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೇರಿಸಿದರೆ ಕೊಬ್ಬು ಶೇಕಡಾ 3ರ ಆಸುಪಾಸಿಗೆ ಇಳಿಯುತ್ತದೆ, ಹಾಲಿನ ಪ್ರಮಾಣ ಹೆಚ್ಚುತ್ತದೆ, ಬೆಲೆ ತಗ್ಗುತ್ತದೆ. ಅಂದರೆ ಇವತ್ತು ನಾವು ‘ಮಾಮೂಲಿ ಹಾಲು’ ಎಂದು ಕರೆಯುವ ಪ್ಯಾಕೆಟ್ಟೇ ಒಂದು ಕಾಲದ ಬದಲಿ ಹಾಲು!

ಆ ಪುಡಿ ಆಗ ಹೊರದೇಶದಿಂದ ಬರಬೇಕಿತ್ತು. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದು ಎಂಬುದು ವಿದೇಶಿ ತಜ್ಞರ ನಂಬಿಕೆ. ಗುಜರಾತಿನ ಆನಂದದಲ್ಲಿ ಎಚ್. ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಅಲ್ಲಿ ಪುಡಿಯ ಕಾರ್ಖಾನೆ ಶುರುವಾಯಿತು. ಚಳಿಗಾಲದಲ್ಲಿ ಹಾಲು ಉಕ್ಕಿ, ಮುಂಬಯಿ ಕೊಳ್ಳದೆ ಬಿಟ್ಟರೆ ರೈತರಿಗೆ ನಷ್ಟ. ಪುಡಿ ಮಾಡಿಟ್ಟರೆ ಬೇಸಿಗೆಗೂ ಆಯಿತು. ನಮ್ಮ ಆಫೀಸಿನ ಯಂತ್ರದೊಳಗಿನ ಬಿಳಿ ಪುಡಿಯ ಹಿಂದೆ ಈ ಕಥೆಯಿದೆ.

ಇಷ್ಟಾದರೂ ಇವೆಲ್ಲ ಎಮ್ಮೆ ಹಸುಗಳ ಹಾಲೇ. ನನ್ನ ಡಬ್ಬದ ಪೂರ್ವಿಕರು ಸಿಕ್ಕಿದ್ದು ಮಾತ್ರ ನಮ್ಮ ಕರ್ನಾಟಕದಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲೇ, ವಿ. ಸುಬ್ರಹ್ಮಣ್ಯನ್ ಅವರ ವಿಭಾಗದಲ್ಲಿ, ಸೋಯಾ ಹಾಲಿನ ಮೇಲೆ ಸಂಶೋಧನೆ ನಡೆದಿತ್ತು. ಯುದ್ಧ, ಬರಗಾಲಗಳ ದಿನಗಳವು. ಹಾಲು ಕಾಣದ ಮಕ್ಕಳಿಗೆ ಅಗ್ಗದ ಪ್ರೋಟೀನ್ ಬೇಕಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರೂ ಅವರೇ. ಅದೇ ಸಂಶೋಧನಾಲಯ ಮುಂದೆ ‘ಮಿಲ್ಟೋನ್’ ಎಂಬುದನ್ನು ರೂಪಿಸಿತು. ಎಣ್ಣೆ ತೆಗೆದ ಕಡಲೆಕಾಯಿಯಿಂದ ಪ್ರೋಟೀನ್ ಬೇರ್ಪಡಿಸಿ, ಹಾಲಿಗೆ ಬೆರೆಸಿ, ಇರುವ ಹಾಲನ್ನೇ ಹೆಚ್ಚು ಜನಕ್ಕೆ ಹಂಚುವ ಉಪಾಯ. ಹಿಂಡಿಯಾಗಿ ದನದ ಮುಂದೆ ಹೋಗುತ್ತಿದ್ದುದು ಮಗುವಿನ ಲೋಟಕ್ಕೆ ಬಂದಂತಾಯಿತು.

ಓಟ್ಸ್ ಹಾಲಿನ ಚರಿತ್ರೆ ಬೇರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ 1990ರ ದಶಕದ ಆರಂಭದಲ್ಲಿ ಕಿಣ್ವ ಬಳಸಿ ಅದನ್ನು ರೂಪಿಸಿದರು. ಅಲ್ಲಿ ಹಾಲಿಗೆ ಬರವಿರಲಿಲ್ಲ; ಹಾಲು ಒಗ್ಗದವರಿದ್ದರು. ನಮ್ಮಲ್ಲೂ ಅಂಥವರು ಕಡಿಮೆಯೇನಲ್ಲ. ದೊಡ್ಡವರಾದ ಮೇಲೂ ಲ್ಯಾಕ್ಟೋಸ್ ಅರಗಿಸಿಕೊಳ್ಳುವವರು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಕಡಿಮೆ. ಆದರೆ ನಾವು ಅದನ್ನು ‘ಗ್ಯಾಸ್’ ಎಂದು ಕರೆದು ಸುಮ್ಮನಾಗುತ್ತೇವೆ.

ಬದಲಿ ಹಾಲು ಒಂದು ಕಾಲಕ್ಕೆ ಹಾಲು ಸಿಗದವರಿಗಾಗಿ ಇತ್ತು. ಈಗ ಕೆಫೆಗಳಲ್ಲಿ ಅದಕ್ಕೆ ಹೆಚ್ಚುವರಿ ದುಡ್ಡು ತೆತ್ತು ಕುಡಿಯಬೇಕು. ಬೆಲೆ ನೋಡಿದವರಿಗೆ ಅದು ಶೋಕಿಯಾಗಿ ಕಂಡರೆ ತಪ್ಪೇನಿಲ್ಲ. ಆದರೆ ಬೆಲೆಯೊಂದನ್ನೇ ನೋಡಿ ಅಗತ್ಯವೇ ಇಲ್ಲವೆನ್ನುವುದು ತಪ್ಪು.

ಹಾಗೆಂದು ಅದೇ ರುಚಿ ಸಿಗುತ್ತದೆಂದು ಸುಳ್ಳು ಹೇಳಲಾರೆ. ಕಾಫಿಯ ಹುಳಿ ಮತ್ತು ಬಿಸಿಗೆ ಸೋಯಾ ಹಾಲು ಒಡೆಯುತ್ತದೆ. ಮೊದಲ ವಾರ ನನ್ನ ಲೋಟದಲ್ಲಿ ಮೊಸರಿನ ಚೂರುಗಳಂತೆ ತೇಲಿತು. ಈಗ ಉಪಾಯ ಕಲಿತಿದ್ದೇನೆ: ಸೋಯಾವನ್ನು ಮೊದಲು ಬೆಚ್ಚಗೆ ಮಾಡಿ, ಅದರ ಮೇಲೆ ಡಿಕಾಕ್ಷನ್ನನ್ನು ನಿಧಾನ ಸುರಿಯುವುದು. ಅದೂ ಬೇಡವಾದ ದಿನ ಬೆಲ್ಲದ ಕಾಫಿ. ಕಾಫಿ ಬೆಳೆಯುವ ಕೊಡಗಿನಲ್ಲೇ ಹಾಲಿಲ್ಲದ ಬೆಲ್ಲದ ಕಾಫಿ ಕುಡಿಯುತ್ತಾರಲ್ಲ, ಎಂದೆ. ಅಮ್ಮನಿಗೆ ಈ ಮಾತು ಸ್ವಲ್ಪ ಸಮಾಧಾನ ಕೊಟ್ಟಿತು.

ಕಳೆದ ವಾರ ಅಡ್ಮಿನ್ ವಿಭಾಗಕ್ಕೆ ಮತ್ತೆ ಅರ್ಜಿ ಬರೆದೆ. ಸಹಿ ಹಾಕಲು ನಾನೊಬ್ಬನೇ ಎಂದುಕೊಂಡಿದ್ದೆ. ಆರು ಮಂದಿ ಹಾಕಿದರು. ಅವರಲ್ಲೊಬ್ಬರು ನಾಲ್ಕು ವರ್ಷದಿಂದ ನನ್ನ ಎದುರಿನ ಮೇಜಿನಲ್ಲೇ ಕುಳಿತು, “ನನಗೆ ಕರಿ ಚಹಾನೇ ಇಷ್ಟ” ಎನ್ನುತ್ತಿದ್ದವರು.